ಯಂತ್ರಯುಗವೂ ನಮ್ಮ ಮುಂದಿನ ಕಾಲವೂ

ಆಲೋಚಿಸುವ ಯಂತ್ರಗಳು ಬಂದಿವೆ; ಇನ್ನು ಮನುಷ್ಯನ ನಾಗರಿಕತೆಯ ಗತಿಯೇನೆಂಬ ಚರ್ಚೆಯು ಕಛೇರಿಗಳನ್ನೂ ವಕೀಲರ ಕೊಠಡಿಗಳನ್ನೂ ಹೊಕ್ಕಿದೆ. ೨೦೨೨ನೆಯ ಇಸವಿಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಂಭಾಷಣಾ ಯಂತ್ರವು ಸಾರ್ವಜನಿಕರಿಗೆ ದೊರೆತಂದಿನಿಂದ ಕೆಲವರು ರಾಮರಾಜ್ಯವನ್ನು ಕಾಣುತ್ತಿದ್ದಾರೆ, ಕೆಲವರು ಪ್ರಳಯವನ್ನು. ಯಂತ್ರವು ಏನು ಮಾಡೀತೆಂದು ಕೇಳುವವರು ಬಹುಮಂದಿ; ಯಂತ್ರವು ಯಾರದೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ನಾಡು ಒಮ್ಮೆ ಎದುರಿಸಿದೆ. ಅದರ ಫಲವೂ ನಮ್ಮ ಕಣ್ಣೆದುರಿಗಿದೆ.

೧೯೦೨ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿಗಳ ತಂತಿಯ ಮೂಲಕ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ಶಕ್ತಿಯನ್ನು ಸಾಗಿಸಿದ ನಿದರ್ಶನಗಳು ಆಗ ಲೋಕದಲ್ಲಿಯೇ ಬಹಳ ಇರಲಿಲ್ಲ. ಈ ಕಾರ್ಯವನ್ನು ಕೈಗೊಂಡ ದಿವಾನ್ ಶೇಷಾದ್ರಿ ಅಯ್ಯರವರು ಹಿಂದಿನ ವರ್ಷವೇ ದಿವಂಗತರಾಗಿದ್ದರು. ತಂತಿಯು ಹಾದುಹೋದ ಹಳ್ಳಿಗಳಲ್ಲಿ ಮಾತ್ರ ಹಣತೆಯೇ ಉರಿಯುತ್ತಿತ್ತು. ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ ಬೆಳಕು ಬಂದಿತು. ಹಳ್ಳಿಗಳ ಸರದಿ ಬರುವುದಕ್ಕೆ ದಶಕಗಳೇ ಬೇಕಾದುವು.

ಆದರೂ ಆ ಏರ್ಪಾಡಿನಲ್ಲಿ ಒಂದು ವಿವೇಕವಿತ್ತು. ಗಣಿಗಳು ಇಂಗ್ಲೆಂಡಿನ ಕಂಪೆನಿಗಳವು. ಅವುಗಳಿಂದ ಸಂಸ್ಥಾನಕ್ಕೆ ಸಲ್ಲುತ್ತಿದ್ದುದು ರಾಜಧನ ಮಾತ್ರ. ವಿದ್ಯುತ್ ಸ್ಥಾವರವಾದರೋ ಸಂಸ್ಥಾನದ ಸ್ವಂತ ಆಸ್ತಿ. ಶಕ್ತಿಯನ್ನು ಕ್ರಯಕ್ಕೆ ಮಾರಿದರೇ ಹೊರತು ಜಲಪಾತವನ್ನು ಒಪ್ಪಿಸಿಬಿಡಲಿಲ್ಲ. ಬೇಸಿಗೆಯಲ್ಲಿ ನದಿಯು ಸೊರಗಿದಾಗ ಗಣಿಗಳಿಗೆ ಶಕ್ತಿಯು ಸಾಲದೆ ಹೋಗುತ್ತಿದ್ದುದು, ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ಆರಂಭವಾಗಲು ಒಂದು ಕಾರಣವಾಯಿತು. ಅದೇ ಕಟ್ಟೆಯ ನೀರು ಮುಂದೆ ಮಂಡ್ಯದ ಸೀಮೆಗೆ ಹರಿದು ಭತ್ತ ಕಬ್ಬುಗಳನ್ನು ಬೆಳೆಸಿತು. ೧೯೩೩ರಲ್ಲಿ ಸಕ್ಕರೆಯ ಕಂಪೆನಿಯೂ ಹುಟ್ಟಿತು. (ಮುಳುಗಿದ ಊರುಗಳವರ ನಷ್ಟವನ್ನು ಈ ಜಮೆಯಿಂದ ಕಳೆಯಲೇಬೇಕು.)

ಗಣಿಗಳ ಗತಿಯೇನಾಯಿತು? ಸುಮಾರು ೧೨೦ ವರ್ಷಗಳಲ್ಲಿ ೮೦೦ ಟನ್ನಿಗೂ ಮಿಗಿಲಾದ ಚಿನ್ನವು ಹೊರಬಿದ್ದಿತು. ಕೂಲಿಗಳು ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ೧೯೫೬ರಲ್ಲಿ ಗಣಿಗಳು ಸರ್ಕಾರದ ಕೈಗೆ ಬರುವ ಹೊತ್ತಿಗೆ ಅದಿರಿನ ಸಾರವೆಲ್ಲ ಬಹುಮಟ್ಟಿಗೆ ತೀರಿತ್ತು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಬಾಗಿಲು ಮುಚ್ಚಿತು. ಉಳಿದುದು ಸೈನೈಡ್ ದಿಬ್ಬಗಳು, ಗಾಳಿಗೆ ಅವುಗಳಿಂದೇಳುವ ಧೂಳು, ಮತ್ತು ಕೂಲಿಯನ್ನರಸಿ ದಿನವೂ ಬೆಂಗಳೂರಿಗೆ ರೈಲು ಹತ್ತುವ ಗಣಿ ಕಾರ್ಮಿಕರ ಮಕ್ಕಳು. ಇತ್ತ ಶಿವನಸಮುದ್ರದಲ್ಲಿ ನಾಡಿನ ಸ್ಥಾವರವು ನಾಡಿನದಾಗಿಯೇ ಉಳಿದಿದೆ.

ಈಗಿನ ಯಂತ್ರಗಳ ಗಣಿ ಯಾವುದು? ನಾವೂ ನಮ್ಮ ಹಿರಿಯರೂ ಬರೆದಿಟ್ಟ ಬರಹ, ನಮ್ಮ ಮಾತು, ನಮ್ಮ ಕಾಗದಪತ್ರಗಳು. ಅದರಿಂದಲೇ ಅವುಗಳ ಬುದ್ಧಿಯು ಹುಟ್ಟುತ್ತದೆ. ಯಜಮಾನಿಕೆಯು ಬಹುಪಾಲು ಅಮೆರಿಕ ಚೀನಗಳ ಬೆರಳೆಣಿಕೆಯ ಕಂಪೆನಿಗಳದು. ಇಂತಹ ಯಂತ್ರಗಳನ್ನಿರಿಸುವ ದತ್ತಾಂಶ ಕೇಂದ್ರಗಳು ೨೦೨೪ರಲ್ಲಿ ಲೋಕದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲನ್ನು ನುಂಗಿದುವೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಅಂದಾಜು ಮಾಡಿದೆ. ಅವನ್ನು ಆಹ್ವಾನಿಸುವ ನೀತಿಯನ್ನು ನಮ್ಮ ರಾಜ್ಯವೂ ೨೦೨೨ರಲ್ಲಿ ಹೊರಡಿಸಿತು.

ಯಂತ್ರವನ್ನು ಹಳಿಯುವ ಅಧಿಕಾರವು ನಮಗೆ ಹೆಚ್ಚಾಗಿಲ್ಲ. ನಮ್ಮ ಅಚ್ಚುಕೂಟಕ್ಕೆ ಗಣಕವು ಬಂದಾಗ, ಮೊಳೆ ಜೋಡಿಸುತ್ತಿದ್ದವರನ್ನು ಮನೆಗೆ ಕಳುಹಿಸಿದವರು ನಾವೇ. ಅವರಲ್ಲೊಬ್ಬರು ಈಗಲೂ ದಾರಿಯಲ್ಲಿ ಎದುರಾಗಿ ಕೈಮುಗಿಯುತ್ತಾರೆ. ನಮಗೆ ಮುಖವೆತ್ತಲು ಕಷ್ಟವಾಗುತ್ತದೆ. ಯಂತ್ರವು ಬರಲಿ. ಆದರೆ ಯಾವುದು ಬಾಡಿಗೆಗೆ, ಯಾವುದು ನಮ್ಮ ಆಸ್ತಿ, ಎಷ್ಟು ನೀರು, ಎಷ್ಟು ವರ್ಷ, ಕೊನೆಗೆ ದಿಬ್ಬವನ್ನು ತೆಗೆಯತಕ್ಕವರು ಯಾರು—ಇವಿಷ್ಟನ್ನೂ ಒಳಗೊಂಡ ಕರಾರುಪತ್ರದ ಕನ್ನಡ ಪ್ರತಿಯು ಸಹಿಯಾಗುವುದಕ್ಕೆ ಮೊದಲೇ ವಿಧಾನಸಭೆಯ ಮುಂದೆ ಬರಬೇಕು. ಬಂದ ಮರುದಿನವೇ ಅದನ್ನು ಈ ಪುಟದಲ್ಲಿ ಒಂದಕ್ಷರವೂ ಬಿಡದೆ ಅಚ್ಚು ಮಾಡುವೆವು.