ನೆಲಮಾಳಿಗೆಗೆ ಟೈಲು ಹಾಸುವ ಮೊದಲು

ಮುಂಬಯಿಯ ಹಲವು ಹೊಟೇಲುಗಳಲ್ಲಿ ಅಕ್ಕಿಬೇಳೆಯ ಚೀಲಗಳೂ ರುಬ್ಬುವ ಯಂತ್ರವೂ ಇರುವುದು ನೆಲಮಾಳಿಗೆಯಲ್ಲಿ. ಗಿರಾಕಿಗಳ ಕಣ್ಣಿಗೆ ಬೀಳದ ಆ ನೆಲಕ್ಕೆ ಟೈಲು ಹಾಸಿಸುವಾಗ ಧಣಿಗಳ ಗಮನವೆಲ್ಲ ದರದ ಮೇಲಿರುತ್ತದೆಯೇ ಹೊರತು ಅಡಿಯ ಕಾಂಕ್ರೀಟಿನ ಮೇಲಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಟೈಲು ಮೇಲೇಳುತ್ತದೆ. ಎದ್ದ ಅಂಚಿಗೆ ಎಡವುವವನು ಧಣಿಯಲ್ಲ, ಹಿಟ್ಟಿನ ಪಾತ್ರೆ ಹೊತ್ತ ಕೆಲಸಗಾರ. ನಮ್ಮ ಓದುಗರಲ್ಲಿ ಹೆಚ್ಚಿನವರು ಧಣಿಗಳಲ್ಲ. ಆದರೂ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲುವವರು ಅವರೇ ಆದುದರಿಂದ ಈ ನಾಲ್ಕು ಮಾತು.

ಮೊದಲ ಪ್ರಶ್ನೆ ತೇವದ್ದು. ಕಾಂಕ್ರೀಟು ನೋಡಲು ಕಲ್ಲಿನಂತಿದ್ದರೂ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಅಡಿಯ ಮಣ್ಣಿನ ನೀರನ್ನು ದೀಪದ ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ನೀರಿನೊಂದಿಗೆ ಲವಣವೂ ಬಂದು ಸಂದುಗಳಲ್ಲಿ ಬಿಳಿಯ ಪುಡಿಯಾಗಿ ನಿಲ್ಲುವುದು. ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿದು, ಕನಿಷ್ಠ 16 ಗಂಟೆಗಳ ತರುವಾಯ ಎತ್ತಿ ನೋಡಬೇಕು. ಕೆಳಗೆ ಹನಿ ಮೂಡಿದ್ದರೆ ಇಲ್ಲವೆ ಕಾಂಕ್ರೀಟು ಕಪ್ಪಾಗಿದ್ದರೆ ನೆಲ ಸಿದ್ಧವಾಗಿಲ್ಲ. ಬೇಸಗೆಯ ಪರೀಕ್ಷೆಯೊಂದನ್ನೇ ನಂಬತಕ್ಕದ್ದಲ್ಲ. ಮಳೆಗಾಲದಲ್ಲಿ ಸಾಮಾನ್ಯವಾಗಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಗರದಲ್ಲಿ ನೆಲದ ನಿಜಗುಣ ತಿಳಿಯುವುದು ಜುಲೈ, ಆಗಸ್ಟಿನಲ್ಲಿ.

ತೇವ ಕಂಡೊಡನೆ ಜಲನಿರೋಧಕ ಲೇಪ ಬಳಿದು ಕೈತೊಳೆದುಕೊಳ್ಳುವ ಮೇಸ್ತ್ರಿಗಳಿದ್ದಾರೆ. ಮೂಲವನ್ನು ಹುಡುಕದೆ ಬಳಿದ ಲೇಪ ನೀರಿನ ಒತ್ತಡಕ್ಕೆ ಗುಳ್ಳೆಯೇಳುವ ಸಂಭವವೇ ಹೆಚ್ಚು. ಕೆಲವೊಮ್ಮೆ ಆ ನೀರು ಭೂಮಿಯದೇ ಅಲ್ಲ, ಮೇಲಿನ ಅಡುಗೆಮನೆಯ ಒಡೆದ ಕೊಳವೆಯದು! ಅದನ್ನು ಸರಿಪಡಿಸಿದ ಮೇಲೆ ಲೇಪದ ಮಾತು. ನೀರು ಅಡಿಯಿಂದಲೇ ಒತ್ತಿ ಬರುತ್ತಿದ್ದರೆ ಇಂಜಿನಿಯರರನ್ನು ಕೇಳದೆ ಒಂದು ಟೈಲನ್ನೂ ಇಡಬಾರದು.

ಹೊಟೇಲಿನ ನೆಲಕ್ಕೆ ಜಿಡ್ಡಿನ ಕಾಟ ಬೇರೆ. ಎಣ್ಣೆಡಬ್ಬಿ ಇಡುತ್ತಿದ್ದ ಜಾಗದಲ್ಲಿ ನಾಲ್ಕು ಹನಿ ನೀರು ಬಿಟ್ಟು ನೋಡಿರಿ. ಹೀರಿಕೊಂಡರೆ ಸರಿ, ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತರೆ ಎಣ್ಣೆಯೋ ಹಳೆಯ ಬಣ್ಣವೋ ಉಳಿದಿದೆ, ಟೈಲು ಹಿಡಿಯುವುದಿಲ್ಲ. ಅದನ್ನು ಯಂತ್ರದಿಂದ ಉಜ್ಜಿ ತೆಗೆಸಬೇಕು. ಆಗ ಏಳುವ ಧೂಳಿನಲ್ಲಿ ಸಿಲಿಕಾ ಇರುವುದು, ಅದು ಶ್ವಾಸಕೋಶಕ್ಕೆ ಕೇಡು. ಧೂಳು ಹೀರುವ ಯಂತ್ರವನ್ನು ಜೋಡಿಸದೆ, ತಕ್ಕ ಮುಖವಾಡ ಕೊಡದೆ ಯಾರನ್ನೂ ಆ ಕೆಲಸಕ್ಕೆ ಇಳಿಸಬಾರದು. ಕೆಲಸಗಾರರು ಅಲ್ಲಿಯೇ ಮಲಗುವ ರೂಢಿಯಿದ್ದರೆ ಅವರಿಗೆ ಬೇರೆ ಜಾಗ ಒದಗಿಸುವುದು ಧಣಿಯ ಹೊಣೆ. ಕೇಳಲು ಸಂಕೋಚ ಬೇಡ.

ಉಳಿದದ್ದು ಸಮತಟ್ಟಿನ ಕೆಲಸ. ಹತ್ತು ಅಡಿಯ ನೇರ ಪಟ್ಟಿಯನ್ನು ನೆಲದ ಮೇಲಿಟ್ಟರೆ ಕೆಳಗೆ ಕಾಲು ಅಂಗುಲಕ್ಕಿಂತ ಹೆಚ್ಚು ಸಂದು ಕಾಣಬಾರದು. 15 ಅಂಗುಲದ ಅಥವಾ ಅದಕ್ಕೂ ದೊಡ್ಡ ಟೈಲಾದರೆ ಅದರ ಅರ್ಧ. ಬಿರುಕಿನ ಒಂದು ಬದಿ ಎತ್ತರವಾಗಿದ್ದರೆ ಅಡಿಯ ನೆಲ ಕದಲಿದೆಯೆಂದು ತಿಳಿಯಬೇಕು. ಗಾರೆ ಮೆತ್ತಿ ಮುಚ್ಚಿದರೆ ಅದೇ ಬಿರುಕು ಟೈಲಿನಲ್ಲಿ ಕಾಣುವುದು. ಹೊಸದಾಗಿ ಸುರಿದ ಕಾಂಕ್ರೀಟಿಗೆ 28 ದಿನ ಬಿಡಬೇಕು. ದೀಪಾವಳಿಯೊಳಗೆ ಎಲ್ಲವನ್ನೂ ಮುಗಿಸಿಕೊಡುತ್ತೇನೆ ಎನ್ನುವ ಮೇಸ್ತ್ರಿಯನ್ನು, ಬರುವ ಜುಲೈಯಲ್ಲಿ ಒಮ್ಮೆ ಬಂದು ನೋಡಿ ಹೋಗುತ್ತೀರಾ ಎಂದು ಕೇಳಿ ನೋಡಿರಿ.