ಚಹದ ಬಟ್ಟಲಿನ ಕಣಿ

ಕೊರವಂಜಿಯು ಅಂಗೈಗೆ ಕೋಲು ಮುಟ್ಟಿಸಿ ಕಣಿ ಹೇಳುವುದನ್ನೂ, ಬುಡುಬುಡುಕೆಯವನು ಹಾಲಕ್ಕಿಯ ನುಡಿಯನ್ನು ನಂಬಿ ಬೆಳಗಿನ ಜಾವದಲ್ಲಿ ಶಕುನ ಸಾರುವುದನ್ನೂ ನಮ್ಮಲ್ಲಿ ಅನೇಕರು ಕಂಡವರೇ. ಆದರೆ ಕುಡಿದುಬಿಟ್ಟ ಚಹದ ಬಟ್ಟಲಿನಲ್ಲಿ ಉಳಿದ ಎಲೆಗಳನ್ನು ನೋಡಿ ಭವಿಷ್ಯ ನುಡಿಯುವ ವಿದ್ಯೆಯೊಂದು ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆಯೆಂದರೆ ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಈ ವಿದ್ಯೆ ನಿಜವೋ ಸುಳ್ಳೋ ಎಂಬುದನ್ನು ನಮ್ಮ ಚರ್ಚಾಕೂಟದವರಿಗೆ ಬಿಡುತ್ತೇನೆ. ನನ್ನ ಕುತೂಹಲ ಬೇರೆಯದು. ಪಾಠಶಾಲೆಯಿಲ್ಲದ, ಪರೀಕ್ಷೆಯಿಲ್ಲದ ಇಂಥ ವಿದ್ಯೆಯನ್ನು ಜನರು ಕಲಿಯುವುದಾದರೂ ಹೇಗೆ? ಕಲಿತವರು ನಿಜವಾಗಿ ಕಲಿತದ್ದೇನು?

ಚಹವು ಇಂಗ್ಲೆಂಡನ್ನು ಸೇರಿದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿಯು 1660ನೆಯ ಸೆಪ್ಟೆಂಬರ್ 25ರಂದು ತಾನು ಹಿಂದೆಂದೂ ಕುಡಿಯದಿದ್ದ ಈ ಪಾನೀಯವನ್ನು ತರಿಸಿ ಕುಡಿದುದಾಗಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆಗ ಅದು ಸಿರಿವಂತರ ವಸ್ತು. 1784ರಲ್ಲಿ ಸುಂಕವು ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿದ ಮೇಲೆ ಬಡವರ ಅಡಿಗೆಮನೆಗೂ ಚಹ ಧಾರಾಳವಾಗಿ ಬಂತು. ಕಣಿಗೆ ಬೇಕಾದ ಸಾಮಗ್ರಿಯೂ ಅದರೊಡನೆಯೇ ಬಂತು. ಸ್ಕಾಟ್ಲೆಂಡಿನಲ್ಲಿ ಕಣಿ ಹೇಳುವ ಹೆಂಗಸಿಗೆ ‘ಸ್ಪೇ ವೈಫ್’ ಎಂಬ ಹೆಸರೇ ಉಂಟು. ಇಂಥವರಿಂದ ಕೇಳಿ ತಿಳಿದ ವಿಷಯವನ್ನು ‘ಹೈಲ್ಯಾಂಡ್ ಸಿಯರ್’ ಎಂಬ ಗುಪ್ತನಾಮದ ಲೇಖಕರೊಬ್ಬರು ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ ಚಿಕ್ಕ ಪುಸ್ತಕವಾಗಿ ಬರೆದರು. ಕಲಿಯುವವರಿಗೆ ಇಂದಿಗೂ ಅದು ಬಾಲಬೋಧೆಯಂತಿದೆ.

ಮೊದಲ ಪಾಠ ಸಲಕರಣೆಯದು. ಬಟ್ಟಲು ಬಾಯಗಲವಾಗಿ, ಒಳಗೆ ಅಚ್ಚ ಬಿಳುಪಾಗಿ, ಪಕ್ಕಗಳು ಇಳಿಜಾರಾಗಿ ಇರಬೇಕು. ಹಾಸ್ಟೆಲಿನ ಸ್ಟೀಲ್ ಲೋಟ ಇದಕ್ಕೆ ಒದಗದು. ಚಹವನ್ನು ಸೋಸಬಾರದು. ಪುಡಿ ಕಡಮೆಯಿರುವ ಚೀನಾ ದೇಶದ ಎಲೆ ಉತ್ತಮವೆನ್ನುತ್ತಾರೆ. ನಮ್ಮ ಹೋಟೆಲುಗಳ ಚಹದಿಂದಂತೂ ಯಾವ ಭವಿಷ್ಯವೂ ಹೊರಡಲಾರದು. ಏಕೆಂದರೆ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ರಾಗಿಕಾಳಿನಂತೆ ಉದುರಿಸುತ್ತದೆ. ಆ ಕಾಳುಗಳು ಯಾವ ಬಟ್ಟಲಿನಲ್ಲಾದರೂ ಒಂದೇ ರೀತಿ ಕಾಣುತ್ತವೆ.

ಕಣಿ ಕೇಳುವವನು ಚಹ ಕುಡಿದು, ಅರ್ಧ ಚಮಚೆಯಷ್ಟು ಮಾತ್ರ ಉಳಿಸಿ, ಹಿಡಿಯನ್ನು ಎಡಗೈಯಲ್ಲಿ ಹಿಡಿದು, ಬಟ್ಟಲನ್ನು ಎಡದಿಂದ ಬಲಕ್ಕೆ ಮೂರು ಬಾರಿ ಬಿರುಸಾಗಿ ತಿರುಗಿಸಬೇಕು. ಆಮೇಲೆ ನಿಧಾನವಾಗಿ ಸಾಸರಿನ ಮೇಲೆ ಕವಿಚಿ, ಒಂದು ನಿಮಿಷ ಬಿಟ್ಟು ಎತ್ತಿದರೆ ಎಲೆಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ಬಟ್ಟಲಿನ ಹಿಡಿಯೇ ಕೇಳುವವನ ಮನೆ. ಹಿಡಿಗೆ ಹತ್ತಿರವಿದ್ದುದು ಮನೆಯ ಸಂಗತಿ, ಎದುರಿಗಿದ್ದುದು ಹೊರಗಿನದು. ಅಂಚಿನ ಬಳಿ ಇದ್ದುದು ಬೇಗ ಆಗುವುದು, ತಳದಲ್ಲಿದ್ದುದು ತಡವಾಗಿ ಆಗುವುದು.

ಎರಡನೆಯ ಪಾಠ ಚಿಹ್ನೆಗಳದು. ಲಂಗರು ಕಂಡರೆ ವ್ಯಾಪಾರದಲ್ಲಿ ಜಯ, ಹಡಗು ಕಂಡರೆ ಸುಖಪ್ರಯಾಣ, ಉಂಗುರ ಕಂಡರೆ ಮದುವೆ, ಆನೆ ಕಂಡರೆ ಆರೋಗ್ಯ. ಪಟ್ಟಿ ಹೀಗೆಯೇ ಅಕಾರಾದಿಯಾಗಿ ಬೆಳೆಯುತ್ತದೆ. ಸಮುದ್ರದ ನಡುವೆ ಬಾಳುವ ಜನರ ಪಟ್ಟಿಯೆಂಬುದು ಲಂಗರು ಹಡಗುಗಳಿಂದಲೇ ತಿಳಿಯುತ್ತದೆ. ಹಾವು ಅವರಿಗೆ ಶತ್ರು, ಕೇಡು, ರೋಗ. ನಾಗರಕಲ್ಲಿಗೆ ಹಾಲೆರೆಯುವ ನಮ್ಮ ತಾಯಂದಿರು ಅದೇ ಬಟ್ಟಲನ್ನು ನೋಡಿದ್ದರೆ ಸಂತಾನಭಾಗ್ಯವೆಂದು ಕೈಮುಗಿದಾರು. ಎಲೆಗೆ ಸ್ವಂತ ಅರ್ಥವಿದ್ದರೆ ಕಡಲು ದಾಟಿದೊಡನೆ ಹೀಗೆ ತಲೆಕೆಳಗಾಗುತ್ತಿತ್ತೆ?

ಪಟ್ಟಿ ಬಾಯಿಪಾಠವಾದರೂ ಕಣ್ಣು ಪಳಗಬೇಕು. ಹೊಸಬನಿಗೆ ಬಟ್ಟಲಿನಲ್ಲಿ ಚರಟವಲ್ಲದೆ ಬೇರೇನೂ ಕಾಣದು. ಬಟ್ಟಲನ್ನು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಕೆಲವು ದಿನಗಳಲ್ಲಿ ನಾಯಿ, ಮರ, ಟೋಪಿಯ ಮನುಷ್ಯ ಎಲ್ಲವೂ ತೋರತೊಡಗುತ್ತವೆ. ಮೋಡದಲ್ಲಿ ಒಂಟೆಯನ್ನು ಕಾಣುವ ಮಗುವಿನ ಶಕ್ತಿಯೇ ಇದು. ಇದನ್ನು ಬೆಳೆಸಲು ಸ್ಕಾಟ್ಲೆಂಡಿನ ಹಿರಿಯ ಹೆಂಗಸರು ಪ್ರತಿದಿನ ಬೆಳಿಗ್ಗೆ ತಮ್ಮ ಬಟ್ಟಲನ್ನು ತಾವೇ ನೋಡಿಕೊಳ್ಳುತ್ತಿದ್ದರಂತೆ. ಅವರು ಹುಡುಕುತ್ತಿದ್ದುದು ರಾಜ್ಯ ಹೋದೀತೇ ಎಂಬಂಥ ದೊಡ್ಡ ಪ್ರಶ್ನೆಗೆ ಉತ್ತರವನ್ನಲ್ಲ. ಕಾಗದ ಬರುವುದೇ? ನೆಂಟರು ಬರುವರೇ? ಮಳೆ ಹಿಡಿಯುವುದೇ? ಚಹದಲ್ಲಿ ಒಂದು ಕಡ್ಡಿ ತೇಲಿದರೂ ಅದು ಬರಲಿರುವ ಅತಿಥಿ. ಸ್ಕಾಟ್ಲೆಂಡಿನಲ್ಲಿ ಮಳೆ ಬರುವುದೆಂದು ಹೇಳಿದವರು ಆಗಾಗ ಗೆಲ್ಲುವುದರಲ್ಲಿ ಸೋಜಿಗವೇನಿದೆ! ಫಲಿಸಿದ್ದು ನೆನಪಿನಲ್ಲಿ ಉಳಿಯುತ್ತದೆ, ಫಲಿಸದ್ದನ್ನು ಬಟ್ಟಲಿನೊಡನೆ ತೊಳೆದುಬಿಡುತ್ತಾರೆ. ಹೀಗೆ ಕಲಿಯುವವಳಿಗೆ ತನ್ನ ವಿದ್ಯೆಯಲ್ಲಿ ನಂಬಿಕೆ ಬೇರೂರುತ್ತದೆ. ಅವಳು ಯಾರನ್ನೂ ವಂಚಿಸುತ್ತಿರುವುದಿಲ್ಲ.

ಮೂರನೆಯ ಪಾಠ ಪುಸ್ತಕದಲ್ಲಿಲ್ಲ. ನನ್ನ ಮಟ್ಟಿಗೆ ಮುಖ್ಯವಾದುದು ಅದೇ. ತಾಯಿ ನೆರೆಮನೆಯವಳ ಬಟ್ಟಲು ನೋಡಿ ಮಾತಾಡುವಾಗ ಪಕ್ಕದಲ್ಲಿ ಕುಳಿತ ಮಗಳು ತಾಯಿಯ ದನಿಯನ್ನು ಕೇಳುತ್ತಾಳೆ. ಯಾವ ಮಾತಿಗೆ ನೆರೆಮನೆಯವಳ ಉಸಿರು ನಿಂತಿತು, ಯಾವ ಮಾತಿಗೆ ಕಣ್ಣು ಕೆಳಗಾಯಿತು, ತಾಯಿ ಆಗ ಎಲ್ಲಿ ತಡೆದು ಎಲ್ಲಿ ಮುಂದುವರಿದಳು ಎಂಬುದು ಹೇಳಿಕೊಡದೆಯೇ ಮಗಳಿಗೆ ಬರುತ್ತದೆ. ಎಲೆಯನ್ನು ಓದಿದೆನೆಂದು ಅವಳು ತಿಳಿದಿರುತ್ತಾಳೆ. ಓದಿದ್ದು ಎದುರಿಗಿರುವ ಮುಖವನ್ನು.

ಈ ಮಾತಿಗೆ ಸಾಕ್ಷಿಯಾಗಿ ಇದೇ ಜಾತಿಯ ಇನ್ನೊಂದು ವಿದ್ಯೆಯ ಸಂಗತಿ ಹೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ರೇ ಹೈಮನ್ ಅವರು ವಿದ್ಯಾರ್ಥಿಯಾಗಿದ್ದಾಗ ಸಂಪಾದನೆಗಾಗಿ ಹಸ್ತರೇಖೆ ನೋಡಿ ಭವಿಷ್ಯ ಹೇಳುತ್ತಿದ್ದರು. ಜನರು ಅಹುದಹುದೆಂದು ತಲೆದೂಗುವುದನ್ನು ಕಂಡು ರೇಖೆಗಳಲ್ಲಿ ಸತ್ಯವಿದೆಯೆಂದು ಅವರೂ ನಂಬಿದರು. ಆಗ ಸ್ಟ್ಯಾನ್ಲಿ ಜಾಕ್ಸ್ ಎಂಬ ಹಿರಿಯ ಮಿತ್ರರು, ಒಮ್ಮೆ ರೇಖೆ ಸೂಚಿಸುವುದಕ್ಕೆ ನೇರ ವಿರುದ್ಧವಾಗಿ ಹೇಳಿ ನೋಡೆಂದು ಸಲಹೆ ಮಾಡಿದರು. ಹೈಮನ್ ಹಾಗೆಯೇ ಮಾಡಿದರು. ಜನರು ಮೊದಲಿನಷ್ಟೇ ತೃಪ್ತರಾಗಿ ಎದ್ದುಹೋದರು! 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವವರ್ಣನೆಯೆಂದು ಒಂದೊಂದು ಹಾಳೆ ಹಂಚಿದರು. ಅದು ಎಷ್ಟು ಸರಿಯಾಗಿದೆಯೆಂಬುದಕ್ಕೆ ವಿದ್ಯಾರ್ಥಿಗಳು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲ ಹಾಳೆಗಳಲ್ಲಿಯೂ ಇದ್ದುದು ಒಂದೇ ಬರಹ. ಅದರ ವಾಕ್ಯಗಳನ್ನು ಅವರು ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕದಿಂದ ಆಯ್ದಿದ್ದರು. ಕಾಲೇಜಿನ ವಿದ್ಯಾಭ್ಯಾಸವು ಈ ವಿಷಯದಲ್ಲಿ ರಕ್ಷಾಕವಚವಲ್ಲವೆಂದು ಮಿತ್ರರು ಗಮನಿಸಬೇಕು.

ಇದನ್ನೆಲ್ಲ ಓದಿದಾಗ ನನಗೆ ನಮ್ಮ ಮನೆಯ ಒಂದು ಸಂಗತಿ ಬೇರೆ ಬೆಳಕಿನಲ್ಲಿ ಕಂಡಿತು. ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಎರಡನೆಯ ಪಿ.ಯು.ಸಿ. ಮುಗಿದ ಬೇಸಗೆಯಲ್ಲಿ, ನನ್ನನ್ನು ಬಿ.ಎ.ಗೆ ಸೇರಿಸುವುದೋ ಊರಿನಲ್ಲೇ ಮಾವನ ಅಂಗಡಿಗೆ ಹಾಕುವುದೋ ಎಂಬುದು ಇತ್ಯರ್ಥವಾಗಿರಲಿಲ್ಲ. ಅಪ್ಪನ ಒಲವು ಅಂಗಡಿಯ ಕಡೆಗೆ. ಒಂದು ದಿನ ಕಣಿಯವಳು ಬಂದಳು. ಅವ್ವ ಮೊರದಲ್ಲಿ ಒಂದು ಸೇರು ರಾಗಿ ತಂದಿಟ್ಟು ಕೈ ಚಾಚಿದಳು.

“ನಿನ್ನ ಮನಸ್ನಾಗೆ ಎರಡು ದಾರಿ ಐತೆ ಕಣವ್ವ. ಒಂದು ಹತ್ರದ್ದು, ಒಂದು ದೂರದ್ದು.”

ದೂರದ್ದೆಂಬ ಮಾತಿಗೆ ಅವ್ವ ತಲೆಯೆತ್ತಿ ಅವಳ ಮುಖ ನೋಡಿದಳು. ಕಣಿಯವಳು ಒಂದು ಗಳಿಗೆ ಸುಮ್ಮನಿದ್ದಳು.

“ದೂರದ್ದೇ ಕೈ ಹಿಡಿತೈತೆ ತಾಯಿ.”

ಅಪ್ಪ ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದರು. ಅವ್ವನ ನಿಶ್ಚಯ ಮೊದಲೇ ಆಗಿತ್ತು. ಅಪ್ಪನ ಎದುರಿಗೆ ಅದನ್ನು ತನ್ನ ಬಾಯಿಂದ ಆಡಲು ಅವಳಿಗೆ ಸಾಧ್ಯವಿರಲಿಲ್ಲವೆಂದು ನನ್ನ ಎಣಿಕೆ. ಆಕೆಯ ಪರವಾಗಿ ಬೇರೊಬ್ಬಳು ಆಡಿದಳು. ಈ ಕಾರಣದಿಂದಲೇ ನಾನು ಕಣಿಯನ್ನು ಬರಿಯ ಮೋಸವೆಂದು ತಳ್ಳಿಹಾಕಲಾರೆ. ಆದರೆ ಅವ್ವ ‘ಹತ್ತಿರದ್ದು’ ಎಂಬ ಮಾತಿಗೆ ತಲೆಯೆತ್ತಿದ್ದರೆ ಅದೇ ಕಣಿಯವಳು ಅಷ್ಟೇ ಧೈರ್ಯದಿಂದ ನನ್ನನ್ನು ಅಂಗಡಿಯಲ್ಲಿ ಕೂಡಿಸುತ್ತಿದ್ದಳು. ಕೇಳುವವರ ಮನಸ್ಸಿನಲ್ಲಿ ಭಯವೇ ಬಲವಾಗಿದ್ದರೆ ಅವರಿಗೆ ಹಿಂದಿರುಗಿ ಸಿಕ್ಕುವುದು ಆ ಭಯವೇ, ದೈವದ ಅಪ್ಪಣೆಯ ಮುದ್ರೆಯೊತ್ತಿಸಿಕೊಂಡು.

ಕಣಿ ಹೇಳುವವರನ್ನು ಇಂಗ್ಲೆಂಡಿನ 1824ರ ಕಾನೂನೊಂದು ಪುಂಡಪೋಕರಿಗಳ ಸಾಲಿಗೆ ಸೇರಿಸಿ ಮೂರು ತಿಂಗಳವರೆಗೆ ಶಿಕ್ಷೆ ವಿಧಿಸಿತ್ತು. ಆ ಅಂಶವು ರದ್ದಾದದ್ದು 1989ರಲ್ಲಿ. ಕಾನೂನಿಗಿಂತ ಈ ವಿದ್ಯೆಗೆ ಹೆಚ್ಚು ಪೆಟ್ಟು ಕೊಟ್ಟದ್ದು 1953ರಲ್ಲಿ ಟೆಟ್ಲಿ ಕಂಪನಿಯವರು ಬ್ರಿಟನ್ನಿನ ಪೇಟೆಗೆ ತಂದ ಚಹದ ಚೀಲ. ಎಲೆಯೇ ಚೀಲದೊಳಗೆ ಉಳಿದಮೇಲೆ ಬಟ್ಟಲಿನಲ್ಲಿ ಓದುವುದೇನನ್ನು?

ಹಾಸ್ಟೆಲಿನಲ್ಲಿ ನಾವು ಒಂದು ಪ್ರಯೋಗ ನಡೆಸಿದೆವು. ಪೇಟೆಯಿಂದ ಎಲೆಚಹ ತಂದು, ಬಿಳಿಯ ಪಿಂಗಾಣಿ ಬಟ್ಟಲುಗಳನ್ನು ಎರವಲು ಪಡೆದು, ಮೂವರು ಮಿತ್ರರಿಗೆ ಕುಡಿಸಿದೆ. ಮೊದಲ ದಿನ ಅವರನ್ನು ಎದುರಿಗೆ ಕೂಡಿಸಿಕೊಂಡು ಪುಸ್ತಕದ ಪ್ರಕಾರ ಹೇಳಿದೆ. ಒಬ್ಬನ ಬಟ್ಟಲಿನಲ್ಲಿ ಹಿಡಿಯ ಬಳಿ ಗೆರೆಯೊಂದಿತ್ತು, ‘ದಾರಿ’ ಎಂದೆ. “ಲೋ, ನಮ್ಮ ದೊಡ್ಡಪ್ಪ ಹೊಲದ ದಾರಿಗೆ ಬೇಲಿ ಹಾಕಿರೋದು ನಿನಗೆ ಯಾರು ಹೇಳಿದ್ದೋ?” ಎಂದು ಅವನು ಎದ್ದುನಿಂತ. ಪರೀಕ್ಷೆ ಬಿಟ್ಟು ಊರಿಗೆ ಹೋಗಲೇ ಎಂದು ಅವನು ನಿಜವಾಗಿಯೇ ಕೇಳಿದಾಗ, ಅದನ್ನು ಎಲೆ ಹೇಳಲಾರದೆಂದು ಹೇಳಿ, ರಾತ್ರಿ ಬಹಳ ಹೊತ್ತು ಅವನ ವ್ಯಾಜ್ಯದ ಕಥೆಯನ್ನೇ ಕೇಳಿದೆ.

ಎರಡನೆಯ ದಿನ ಮೂವರನ್ನೂ ಹೊರಗೆ ಕಳುಹಿಸಿ, ಯಾರ ಬಟ್ಟಲು ಯಾವುದೆಂದು ತಿಳಿಯದಂತೆ ಕಲಸಿ, ಒಂದೊಂದರ ಫಲವನ್ನೂ ಪುಸ್ತಕ ನೋಡಿ ಒಂದೊಂದು ಚೀಟಿಯಲ್ಲಿ ಬರೆದೆ. ಆಮೇಲೆ ಅವರನ್ನು ಒಬ್ಬೊಬ್ಬರಾಗಿ ಕರೆದು, ಮೂರು ಚೀಟಿಗಳನ್ನೂ ಮುಂದಿಟ್ಟು, “ಇದರಲ್ಲಿ ನಿನ್ನದು ಯಾವುದು?” ಎಂದು ಕೇಳಿದೆ. ಮೂವರೂ ಆರಿಸಿಕೊಂಡದ್ದು ಒಂದೇ ಚೀಟಿಯನ್ನು. ಅದರಲ್ಲಿ ಇದ್ದುದಿಷ್ಟು: ಮನೆಯಲ್ಲಿ ಚಿಂತೆ, ಕಾಗದವೊಂದು ಬರಲಿದೆ, ತಡವಾದರೂ ಕೆಲಸ ಸಿಕ್ಕುವುದು.