ಸಂವಾದಿ ಮಾಧ್ಯಮ ಉದ್ಯಮ: ಬೇಗೂರಿನ ವರ್ತಕರಿಗೆ ಅದರಲ್ಲೇನಿದೆ?

1997ನೆಯ ಇಸವಿಯನ್ನು ನಮ್ಮ ಭಾಗದ ಜನರು ನೆನೆಯುವುದು ಚಾಮರಾಜನಗರವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಕಾರಣಕ್ಕಾಗಿ. ಅದೇ ವರ್ಷ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಣ್ಣ ಸಂಸ್ಥೆಯೊಂದು ಸ್ಥಾಪನೆಯಾಯಿತು. ಕಂಪ್ಯೂಟರ್ ಆಟಗಳನ್ನು ತಯಾರಿಸಿದ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ವಿದೇಶಿ ಕಂಪನಿಗಳ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಡುತ್ತ ಬೆಳೆದ ಈ ಸಂಸ್ಥೆಯನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿತು. ಹೊಗೆ ಉಗುಳುವ ಚಿಮಣಿಯಾಗಲಿ, ಸರಕು ತುಂಬುವ ಗೋದಾಮಾಗಲಿ ಇಲ್ಲದ ಇಂಥ ಉದ್ಯಮದಿಂದ ನಮ್ಮಂಥ ಗ್ರಾಮೀಣ ವಾಣಿಜ್ಯ ಕೇಂದ್ರಗಳಿಗೆ ಏನು ಪ್ರಯೋಜನ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉದ್ಯಮದ ಸ್ವರೂಪ

ಚಲನಚಿತ್ರವನ್ನು ನಾವು ನೋಡುತ್ತೇವೆ. ಅದು ನಮಗೆ ಉತ್ತರಿಸುವುದಿಲ್ಲ. ಬಳಸುವವನ ಕ್ರಿಯೆಗೆ ಪ್ರತಿಕ್ರಿಯೆ ನೀಡುವ ಮಾಧ್ಯಮವೇ ಸಂವಾದಿ ಮಾಧ್ಯಮ. ಮೊಬೈಲ್ ಆಟಗಳು, ಕಲಿಕೆಯ ತಂತ್ರಾಂಶಗಳು, ಯಂತ್ರ ಚಾಲನೆಯ ತರಬೇತಿ ನೀಡುವ ಕೃತಕ ಮಾದರಿಗಳು, ಗ್ರಾಹಕನು ಸರಕನ್ನು ಎಲ್ಲ ದಿಕ್ಕುಗಳಿಂದಲೂ ತಿರುಗಿಸಿ ನೋಡಬಲ್ಲ ಕೆಟಲಾಗುಗಳು ಇದರ ವ್ಯಾಪ್ತಿಗೆ ಬರುತ್ತವೆ. ಇದರ ಜೊತೆಗೆ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್ ಹಾಗೂ ಕಾಮಿಕ್ಸ್‌ಗಳನ್ನು ಸೇರಿಸಿ ಸರ್ಕಾರಗಳು ಎ.ವಿ.ಜಿ.ಸಿ. ಕ್ಷೇತ್ರವೆಂದು ಕರೆಯುತ್ತವೆ. ಈ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2012ರಲ್ಲಿ. 2021ರಲ್ಲಿ ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರ ಆರಂಭವಾಯಿತು. 2024ರಿಂದ 2029ರ ಅವಧಿಯ ಮೂರನೆಯ ನೀತಿಯು 30,000 ಹೊಸ ಉದ್ಯೋಗಗಳ ಗುರಿಯನ್ನು ಇರಿಸಿಕೊಂಡಿದೆ.

ಆರ್ಥಿಕ ಪರಿಣಾಮ

ಈ ಉದ್ಯಮದಲ್ಲಿ ವೆಚ್ಚದ ಬಹುಪಾಲು ವೇತನಕ್ಕೆ ಸಲ್ಲುತ್ತದೆ. ಹತ್ತು ಮಂದಿಯ ಒಂದು ಸ್ಟುಡಿಯೋ ಇರುವ ಊರಿನಲ್ಲಿ ಆ ವೇತನವು ಬಾಡಿಗೆ, ದಿನಸಿ, ಹೋಟೆಲು, ವಾಹನ ದುರಸ್ತಿ, ಯು.ಪಿ.ಎಸ್. ಹಾಗೂ ಬ್ಯಾಟರಿ ವ್ಯಾಪಾರಗಳ ಮೂಲಕ ಸ್ಥಳೀಯ ಪೇಟೆಗೇ ಹರಿಯುತ್ತದೆ. ವಿದೇಶಕ್ಕೆ ಸಲ್ಲಿಸುವ ಸೇವೆಗೆ ಜಿ.ಎಸ್.ಟಿ. ಅಡಿಯಲ್ಲಿ ಶೂನ್ಯ ದರವಿದ್ದು, ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು.

ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವೂ ಉಂಟು. ಕೇರಳಕ್ಕೆ ಹೋಗುವ ಗುಂಡ್ಲುಪೇಟೆ ತಾಲ್ಲೂಕಿನ ತರಕಾರಿ ಲಾರಿಗಳು 2009ರಿಂದ ಜಾರಿಯಲ್ಲಿರುವ ಬಂಡೀಪುರದ ರಾತ್ರಿ ಸಂಚಾರ ನಿಷೇಧದಿಂದಾಗಿ 9 ಗಂಟೆಯ ಒಳಗೆ ಅರಣ್ಯವನ್ನು ದಾಟಬೇಕು. ತಪ್ಪಿದರೆ ಬೆಳಗಿನ 6ರವರೆಗೆ ಕಾಯಬೇಕು. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದ ಬಳಿಕ ತಾಲ್ಲೂಕಿನ ಅನೇಕ ಗ್ರಾಮಗಳಲ್ಲಿ ಮಾಲಿನ್ಯಕಾರಕ ಕೈಗಾರಿಕೆಗಳಿಗೆ ಅವಕಾಶವಿಲ್ಲ. ತಂತಿಯ ಮೂಲಕ ಸಾಗುವ ಸರಕಿಗೆ ಈ ಎರಡು ಅಡ್ಡಿಗಳೂ ಇಲ್ಲ. ಅರಣ್ಯದ ನಿಯಮಗಳನ್ನು ಗೌರವಿಸುತ್ತಲೇ ಉದ್ಯೋಗ ಸೃಷ್ಟಿಸಬಲ್ಲ ಉದ್ಯಮಗಳು ಕೆಲವೇ ಕೆಲವು. ಅವುಗಳಲ್ಲಿ ಇದೂ ಒಂದು.

ಎರಡು ಎಚ್ಚರಿಕೆಗಳು

ಆದರೆ ಲಾಭದ ಚಿತ್ರವನ್ನಷ್ಟೇ ಮುಂದಿಡುವುದು ಸರಿಯಲ್ಲ. ಮೊದಲನೆಯದಾಗಿ, ಪರರ ಆದೇಶವನ್ನೇ ನೆಚ್ಚಿದ ದುಡಿಮೆ ಅಸ್ಥಿರ. 2025ರ ಫೆಬ್ರವರಿಯಲ್ಲಿ ಯುರೋಪಿನ ಟೆಕ್ನಿಕಲರ್ ಸಮೂಹವು ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಸ್ಟುಡಿಯೋ ಕೂಡ ಮುಚ್ಚಿತು. ಕುಶಲ ಕಲಾವಿದರು ಸಾವಿರಾರು ಸಂಖ್ಯೆಯಲ್ಲಿ ಏಕಾಏಕಿ ಕೆಲಸ ಕಳೆದುಕೊಂಡರು. ಅವರ ಕೌಶಲದಲ್ಲಿ ಕೊರತೆಯಿರಲಿಲ್ಲ. ಅವರು ರೂಪಿಸಿದ ಕೃತಿಗಳ ಒಡೆತನ ಅವರದಾಗಿರಲಿಲ್ಲ. ಅರಿಶಿನ ಬೆಳೆಯುವ ನಮಗೆ ಇದು ಹೊಸ ಪಾಠವಲ್ಲ. ಹಸಿ ಕೊಂಬನ್ನು ಮಾರುವವನಿಗೂ ಪುಡಿ ಮಾಡಿ ಸ್ವಂತ ಹೆಸರಿನಲ್ಲಿ ಪೊಟ್ಟಣ ಕಟ್ಟುವವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಎರಡನೆಯದಾಗಿ, ಆಟ ಬೇರೆ, ಜೂಜು ಬೇರೆ. 2023ರ ಅಕ್ಟೋಬರ್‌ನಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಪೂರ್ಣ ಮೊತ್ತಕ್ಕೆ ಶೇ. 28 ಜಿ.ಎಸ್.ಟಿ. ವಿಧಿಸಲಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅಂಥ ಆಟಗಳನ್ನೇ ನಿಷೇಧಿಸಿ, ಇ-ಕ್ರೀಡೆ ಹಾಗೂ ಸಾಮಾಜಿಕ ಆಟಗಳನ್ನು ಪ್ರತ್ಯೇಕಿಸಿ ಮಾನ್ಯ ಮಾಡಿತು. ಬಂಡವಾಳ ಹೂಡುವ ಸದಸ್ಯರು ಈ ಗೆರೆಯನ್ನು ಸ್ಪಷ್ಟವಾಗಿ ಅರಿತಿರಬೇಕು. ಶೀಘ್ರ ಲಾಭದ ಆಸೆ ತೋರಿಸಿ ಬರುವ ಪಾಲುದಾರಿಕೆಯ ಪ್ರಸ್ತಾಪಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಆಡುವವನು ಪಣವಾಗಿ ಹಣ ಕಟ್ಟುತ್ತಾನೆಯೇ ಎಂಬುದು.

ಬೆಳವಣಿಗೆಗೆ ಬೇಕಾದುದೇನು?

1. ವಿದ್ಯುತ್ ಮತ್ತು ಸಂಪರ್ಕ: ಚಿತ್ರಗಳನ್ನು ಅಂತಿಮಗೊಳಿಸುವ ಕಾರ್ಯದಲ್ಲಿ ಕಂಪ್ಯೂಟರ್ ರಾತ್ರಿಯಿಡೀ ನಡೆಯುವುದುಂಟು, ನಡುವೆ ವಿದ್ಯುತ್ ಕಡಿತವಾದರೆ ದುಡಿಮೆ ವ್ಯರ್ಥ. ಸಿದ್ಧವಾದ ಕಡತವನ್ನು ಕಳುಹಿಸಲು ಇಳಿಕೆಯ ವೇಗದಷ್ಟೇ ಏರಿಕೆಯ ವೇಗವೂ ಮುಖ್ಯ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಹಾಗೂ ಫೈಬರ್ ಸೇವಾದಾರರ ಮುಂದೆ ಇಡಬೇಕಾದ ಬೇಡಿಕೆಗಳಲ್ಲಿ ಇವು ಮೊದಲಿನವು.

2. ಸಾಲ: ಸ್ಟುಡಿಯೋದ ಆಸ್ತಿ ಕಲ್ಪನೆ ಮತ್ತು ಕೌಶಲ, ಬ್ಯಾಂಕು ಕೇಳುವುದು ಜಮೀನಿನ ಪತ್ರ. ಉದ್ಯಮ್ ನೋಂದಣಿ ಪಡೆದ ಘಟಕಗಳಿಗೆ ಕಿರು ಮತ್ತು ಸಣ್ಣ ಉದ್ದಿಮೆಗಳ ಸಾಲ ಖಾತರಿ ಯೋಜನೆಯ ಮೂಲಕ ಅಡಮಾನವಿಲ್ಲದ ಸಾಲಕ್ಕೆ ದಾರಿಯಿದೆ. ಅದನ್ನು ಸ್ಥಳೀಯ ಶಾಖೆಗಳು ಬಳಸುವಂತೆ ಒತ್ತಾಯಿಸಬೇಕು.

3. ತರಬೇತಿ: ಬ್ಲೆಂಡರ್‌ನಂಥ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಆದರೆ ಚಿತ್ರಕಲೆಯ ಅಡಿಪಾಯ ತಂತ್ರಾಂಶದಿಂದ ಬರುವುದಿಲ್ಲ. 1906ರಲ್ಲಿ ಅಸ್ತಿಭಾರ ಹಾಕಿಸಿಕೊಂಡ ಸಂಸ್ಥೆಯ ಪರಂಪರೆಯಲ್ಲಿ ಬೆಳೆದ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ನಮಗೆ ದೂರವಲ್ಲ. ಪದವಿ ಮುಗಿಸಿ ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಮಕ್ಕಳಿಗೆ ಇಂಥ ಕಲಿಕೆಯ ಮಾಹಿತಿ ಪ್ರೌಢಶಾಲೆಯಲ್ಲಿಯೇ ದೊರೆಯಬೇಕು.

4. ಸ್ವಂತ ಕಥಾವಸ್ತು: ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ಭಾರತೀಯ ಪುರಾಣಗಳನ್ನು ಆಧರಿಸಿದ ‘ರಾಜಿ’ ಎಂಬ ಆಟವನ್ನು ಹೊರತಂದು ವಿದೇಶಗಳಲ್ಲಿಯೂ ಗಮನ ಸೆಳೆಯಿತು. ಮಲೆ ಮಹದೇಶ್ವರ, ಮಂಟೇಸ್ವಾಮಿ ಮಹಾಕಾವ್ಯಗಳನ್ನು ಇಂದಿಗೂ ರಾತ್ರಿಯಿಡೀ ಹಾಡುವ ಕಂಸಾಳೆಯವರೂ ನೀಲಗಾರರೂ ಇರುವ ಜಿಲ್ಲೆ ನಮ್ಮದು. ಕಥೆಗಳಿಗೆ ಇಲ್ಲಿ ಬರವಿಲ್ಲ. ಆದರೆ ಅವನ್ನು ಬಳಸುವವರು ಆ ಗಾಯಕರಿಗೆ ನ್ಯಾಯವಾದ ಗೌರವಧನವನ್ನೂ ಪಂಥದ ಭಕ್ತರಿಗೆ ತಕ್ಕ ಮರ್ಯಾದೆಯನ್ನೂ ಸಲ್ಲಿಸತಕ್ಕದ್ದು.

ವರ್ತಕರು ಮಾಡಬಹುದಾದುದು

ನಾಳೆಯೇ ಬೇಗೂರಿನಲ್ಲಿ ದೊಡ್ಡ ಸ್ಟುಡಿಯೋ ತಲೆಯೆತ್ತುವುದೆಂದು ಯಾರೂ ಭಾವಿಸಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಇಮ್ಮಾವಿನಲ್ಲಿ ಚಿತ್ರನಗರಿ ನಿರ್ಮಿಸುವ ಸರ್ಕಾರದ ಯೋಜನೆ ಕಾರ್ಯಗತವಾದರೆ ಅದರ ಉಪಗುತ್ತಿಗೆಗಳು ಮೈಸೂರು–ಗುಂಡ್ಲುಪೇಟೆ ಹೆದ್ದಾರಿಯ ಊರುಗಳಿಗೂ ದೊರೆಯಬಹುದು. ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾಗಿಯೂ ಇಲ್ಲ.

ಉದ್ಯಮ ಬೆಳೆಯುವುದು ಮೊದಲ ಗ್ರಾಹಕನಿಂದ. ಅರಿಶಿನ ಸಂಸ್ಕರಣಾ ಘಟಕದ ಮಾಲೀಕರು ಪೊಟ್ಟಣದ ವಿನ್ಯಾಸವನ್ನೋ, ಕೃಷಿ ಯಂತ್ರ ತಯಾರಕರು ಯಂತ್ರದ ಬಿಡಿಭಾಗಗಳನ್ನು ಪರಿಚಯಿಸುವ ಮೊಬೈಲ್ ಕೆಟಲಾಗನ್ನೋ ಊರಿನ ತರುಣರಿಗೇ ವಹಿಸಿ ನೋಡಲಿ. ಕೆಲಸದ ವಿವರ, ಬೆಲೆ, ಗಡುವು ಹಾಗೂ ಮುಗಿದ ಕೃತಿಯ ಒಡೆತನ ಯಾರದೆಂಬುದನ್ನು ಬರವಣಿಗೆಯಲ್ಲಿ ಇರಿಸಲಿ. 2006ರ ಕಾಯಿದೆಯನ್ವಯ ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳೊಳಗೆ ತೀರಿಸಬೇಕೆಂಬುದನ್ನು ಮರೆಯದಿರಲಿ. ಮಂಡಿಯಲ್ಲಿ ತೂಕವಾದ ಮಾಲಿಗೆ ಹಣ ಎಣಿಸುವ ನಾವು, ಪರದೆಯ ಮೇಲಿನ ದುಡಿಮೆಯನ್ನೂ ಮಾಲೆಂದೇ ಎಣಿಸಿದ ದಿನ ಈ ಉದ್ಯಮವು ನಮ್ಮಲ್ಲಿಯೂ ಬೇರೂರಬಲ್ಲದು.